ಹೆಡ್‌ಲೈಟ್‌ಗೆ ತಲುಪದ 1.8 ವೋಲ್ಟ್

ನನ್ನ ಬೈಕ್‌ನ ಹೆಡ್‌ಲೈಟ್ ಮಂಕಾಗಿದೆಯೆಂಬುದು ನನಗೆ ಖಚಿತವಾದದ್ದು ಬೀದಿದೀಪಗಳಿಲ್ಲದ ರಸ್ತೆಯೊಂದರಲ್ಲಿ, ಗುಂಡಿಯೊಂದು ಮುಂದಿನ ಚಕ್ರದ ಬುಡಕ್ಕೆ ಬಂದ ಮೇಲೆ ಕಣ್ಣಿಗೆ ಬಿದ್ದಾಗ. ಬಲ್ಬ್ ಹಳೆಯದಾಗಿರಬೇಕೆಂದು ಹೊಸದನ್ನು ತಂದು ಹಾಕಿದೆ. ಬೆಳಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೈಕ್ ಓಡಿಸುವ ಗೆಳೆಯರೆಲ್ಲರೂ 60/55 ವ್ಯಾಟ್‌ನ (ದೂರಕ್ಕೆ ಬೀಳುವ ಹೈ ಬೀಮ್‌ಗೆ 60, ಹತ್ತಿರಕ್ಕೆ ಬೀಳುವ ಲೋ ಬೀಮ್‌ಗೆ 55) ಬಲ್ಬ್ ತೆಗೆದು 100/90 ವ್ಯಾಟ್‌ನದನ್ನು ಹಾಕುವಂತೆ ಸಲಹೆ ಕೊಟ್ಟರು. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಬೆಳಕು ಎಂಬುದು ಸಹಜವಾದ ಯೋಚನೆಯೇ. ಆದರೆ ಈಗಿರುವ 55 ವ್ಯಾಟ್‌ನ ಬಲ್ಬ್‌ಗೆ ಅದಕ್ಕೆ ಸಲ್ಲಬೇಕಾದ ಕರೆಂಟ್ ಪೂರ್ತಿಯಾಗಿ ಸಿಗುತ್ತಿದೆಯೇ ಎಂಬುದನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಏನನ್ನಾದರೂ ಹೊಸದಾಗಿ ಸೇರಿಸುವ ಮೊದಲು ಇರುವುದನ್ನು ಅಳೆದು ನೋಡಬೇಕೆಂದು ತೀರ್ಮಾನಿಸಿ, ಮನೆಯಲ್ಲಿದ್ದ ಸಾಧಾರಣ ಡಿಜಿಟಲ್ ಮಲ್ಟಿಮೀಟರನ್ನು ಕೈಗೆತ್ತಿಕೊಂಡೆ. ಮುಂದಿನ ಎರಡು ತಿಂಗಳ ರಜಾದಿನಗಳಲ್ಲಿ ನಾನು ಮಾಡಿದ ಕೆಲಸವೆಲ್ಲ ಆ ಅಳತೆಯಿಂದಲೇ ಹುಟ್ಟಿಕೊಂಡಿತು.

ಮೊದಲ ಅಳತೆ ಬ್ಯಾಟರಿಯದು. ರಾತ್ರಿಯಿಡೀ ನಿಂತಿದ್ದ ಬೈಕ್‌ನ ಬ್ಯಾಟರಿಯಲ್ಲಿ ಬೆಳಗ್ಗೆ 12.6 ವೋಲ್ಟ್ ಇತ್ತು, ಅಂದರೆ ಅದು ತುಂಬಿದ ಸ್ಥಿತಿಯಲ್ಲೇ ಇತ್ತು. ಲೆಡ್ ಆಸಿಡ್ ಬ್ಯಾಟರಿಯೊಂದು ವಿಶ್ರಾಂತಿಯಲ್ಲಿರುವಾಗ 12.2 ವೋಲ್ಟ್ ತೋರಿಸಿದರೆ ಅದು ಅರ್ಧದಷ್ಟು ಖಾಲಿಯಾಗಿದೆ ಎಂದು ತಿಳಿಯಬೇಕು. ಎಂಜಿನ್ ಚಾಲೂ ಮಾಡಿ ನಿಮಿಷಕ್ಕೆ ಸುಮಾರು 4000 ಸುತ್ತಿನ ವೇಗದಲ್ಲಿ ಇಟ್ಟಾಗ ಅದೇ ಬ್ಯಾಟರಿಯ ತುದಿಗಳಲ್ಲಿ 14.1 ವೋಲ್ಟ್ ಬಂತು. ಈ ಅಂಕಿ 13.8ರಿಂದ 14.5ರ ಒಳಗಿದ್ದರೆ ಚಾರ್ಜಿಂಗ್ ಸರಿಯಾಗಿದೆ ಎಂದರ್ಥ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದರ್ಥ. ಹಾಗಾಗಿ ಕರೆಂಟ್ ಹುಟ್ಟುವ ಕಡೆಯಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಇನ್ನು ನೋಡಬೇಕಾಗಿದ್ದದ್ದು ಆ ಕರೆಂಟ್ ಬಲ್ಬ್‌ವರೆಗೆ ಎಷ್ಟು ಬಂದು ಮುಟ್ಟುತ್ತದೆ ಎಂಬುದನ್ನು. ಇಲ್ಲಿ ಒಂದು ಎಚ್ಚರಿಕೆ ಬೇಕು. ಬಲ್ಬ್‌ನ ಕನೆಕ್ಟರ್ ಕಳಚಿ ಅದರ ಬಾಯಿಗೆ ಮೀಟರ್ ಹಿಡಿದರೆ ಬ್ಯಾಟರಿಯಲ್ಲಿರುವಷ್ಟೇ ವೋಲ್ಟ್ ಕಾಣುತ್ತದೆ, ಏಕೆಂದರೆ ಕರೆಂಟ್ ಹರಿಯದೆ ಇರುವಾಗ ಎಷ್ಟು ಹಾಳಾದ ವೈರ್ ಆದರೂ ವೋಲ್ಟೇಜನ್ನು ಕಳೆಯುವುದಿಲ್ಲ. ಅಳತೆ ನಡೆಯಬೇಕಾದದ್ದು ಬಲ್ಬ್ ಉರಿಯುತ್ತಿರುವಾಗ. ಆದ್ದರಿಂದ ಕನೆಕ್ಟರನ್ನು ಬಲ್ಬ್‌ಗೆ ಸಿಕ್ಕಿಸಿಯೇ ಇಟ್ಟು, ಅದರ ಹಿಂಬದಿಯಿಂದ, ವೈರ್ ಒಳಹೋಗುವ ಸಂದಿನಲ್ಲಿ ಒಂದೊಂದು ಗುಂಡುಸೂಜಿ ತೂರಿಸಿ, ಆ ಗುಂಡುಸೂಜಿಗಳು ಒಂದನ್ನೊಂದು ಮುಟ್ಟದಂತೆ ನೋಡಿಕೊಂಡು, ಮೀಟರ್‌ನ ಮೊನೆಗಳನ್ನು ಅವುಗಳಿಗೆ ಹಿಡಿದೆ. ತಮ್ಮ ಹ್ಯಾಂಡಲ್ ಬಳಿ ನಿಂತು ಎಕ್ಸಲರೇಟರ್ ಹಿಡಿದಿದ್ದ.

"ಅಣ್ಣ, ಹೀಗೇ ಇರಲಾ, ಇನ್ನೂ ಸ್ವಲ್ಪ ರೇಸ್ ಮಾಡಲಾ?"

"ಇಷ್ಟೇ ಇರಲಿ, ಕೈ ಕದಲಿಸಬೇಡ."

ಮೀಟರ್ 12.3 ತೋರಿಸಿತು. ಬ್ಯಾಟರಿಯಿಂದ 14.1 ವೋಲ್ಟ್ ಹೊರಟಿತ್ತು. ಒಂದೂವರೆ ಮೀಟರ್‌ಗೂ ಕಡಿಮೆ ದೂರದ ದಾರಿಯಲ್ಲಿ 1.8 ವೋಲ್ಟ್ ಕಳೆದುಹೋಗಿತ್ತು. ಸಂಖ್ಯೆ ಚಿಕ್ಕದಾಗಿ ಕಾಣಬಹುದು, ಆದರೆ ಹ್ಯಾಲೊಜನ್ ಬಲ್ಬ್‌ನ ಬೆಳಕು ವೋಲ್ಟೇಜ್‌ನ ಜೊತೆಗೆ ಸಮಪ್ರಮಾಣದಲ್ಲಿ ಇಳಿಯುವುದಿಲ್ಲ. ವೋಲ್ಟೇಜ್‌ನ ಸುಮಾರು 3.4ನೆಯ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. ತಂತಿಯ ಬಿಸಿ ಸ್ವಲ್ಪ ಇಳಿದರೂ ಅದು ಸೂಸುವ ಬೆಳಕು ಬಹಳ ಇಳಿಯುತ್ತದೆ ಎಂಬುದು ಇದರ ಕಾರಣ. ಈ ಲೆಕ್ಕದ ಪ್ರಕಾರ ನನ್ನ ಬಲ್ಬ್ ತಾನು ಕೊಡಬಹುದಾಗಿದ್ದ ಬೆಳಕಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡಿತ್ತು. ಹೊಸ ಬಲ್ಬ್ ಹಾಕಿದರೂ ಬೆಳಕು ಏಕೆ ಹೆಚ್ಚಲಿಲ್ಲವೆಂಬುದು ಅಲ್ಲಿಗೆ ಅರ್ಥವಾಯಿತು. ಜೊತೆಗೆ 100 ವ್ಯಾಟ್‌ನ ಬಲ್ಬ್ ಹಾಕಿದ್ದರೆ ಏನಾಗುತ್ತಿತ್ತು ಎಂಬುದೂ ಹೊಳೆಯಿತು. 60 ವ್ಯಾಟ್‌ನ ಹೈ ಬೀಮ್ ಎಳೆಯುವುದು ಸುಮಾರು 5 ಆಂಪಿಯರ್, 100 ವ್ಯಾಟ್‌ನದು 8 ಆಂಪಿಯರ್‌ಗೂ ಹೆಚ್ಚು. ಅದೇ ವೈರ್‌ನಲ್ಲಿ, ಅದೇ ಸ್ವಿಚ್‌ನಲ್ಲಿ ಅಷ್ಟು ಕರೆಂಟ್ ಹರಿದಿದ್ದರೆ ಕಳೆಯುವ ವೋಲ್ಟೇಜ್ ಇನ್ನೂ ಹೆಚ್ಚುತ್ತಿತ್ತು, ವೈರ್ ಮತ್ತು ಸ್ವಿಚ್‌ಗಳಲ್ಲಿ ಹುಟ್ಟುವ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟು ಆಗುತ್ತಿತ್ತು. ಬಿಸಿಯು ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗಾಗುತ್ತದೆ. ದೊಡ್ಡ ಬಲ್ಬ್ ಹಾಕಿದ ಬೈಕ್‌ಗಳಲ್ಲಿ ಕನೆಕ್ಟರ್ ಕರಗಿ ಬಲ್ಬ್‌ಗೆ ಅಂಟಿಕೊಳ್ಳುವುದೂ ಇದರಿಂದಲೇ.

1.8 ವೋಲ್ಟ್ ಎಲ್ಲಿ ಕಳೆಯುತ್ತಿದೆ ಎಂಬುದನ್ನು ತುಂಡುತುಂಡಾಗಿ ಹುಡುಕುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ. ಮೀಟರ್‌ನ ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಬಲ್ಬ್‌ನ ಪಾಸಿಟಿವ್ ಪಿನ್‌ಗೂ ಹಿಡಿದರೆ, ನಡುವೆ ಕಳೆದುಹೋಗುವ ವೋಲ್ಟೇಜ್ ನೇರವಾಗಿ ಮೀಟರ್‌ನಲ್ಲಿ ಕಾಣುತ್ತದೆ: 1.2. ಬಲ್ಬ್‌ನ ಅರ್ತ್ ಪಿನ್‌ನಿಂದ, ಅಂದರೆ ಕರೆಂಟ್ ಫ್ರೇಮ್ ಮೂಲಕ ಮರಳುವ ಕಡೆಯಿಂದ, ಬ್ಯಾಟರಿಯ ನೆಗೆಟಿವ್‌ವರೆಗೆ: 0.6. ಪಾಸಿಟಿವ್ ಕಡೆಯ 1.2ರಲ್ಲಿ ಕೀ ಸ್ವಿಚ್‌ನ ಒಳಬದಿಯಲ್ಲೇ 0.5 ಹೋಗುತ್ತಿತ್ತು, ಹೈ ಮತ್ತು ಲೋ ಬೀಮ್ ಬದಲಿಸುವ ಹ್ಯಾಂಡಲ್‌ನ ಡಿಪ್ಪರ್ ಸ್ವಿಚ್‌ನಲ್ಲಿ 0.4, ಉಳಿದ 0.3 ತೆಳ್ಳಗಿನ ವೈರ್ ಮತ್ತು ನಡುವಿನ ಕನೆಕ್ಟರ್‌ಗಳಲ್ಲಿ. ಹೆಡ್‌ಲೈಟ್‌ನ ಕರೆಂಟ್ ಬ್ಯಾಟರಿಯಿಂದ ನೇರವಾಗಿ ಬಲ್ಬ್‌ಗೆ ಹೋಗುತ್ತದೆಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಅದು ಸೀಟಿನಡಿಯಿಂದ ಹೊರಟು, ಕೀ ಸ್ವಿಚ್‌ಗೆ ಹೋಗಿ, ಅಲ್ಲಿಂದ ಹ್ಯಾಂಡಲ್‌ಗೆ ಏರಿ, ಬೆರಳಿನ ಉಗುರಿನಷ್ಟಿರುವ ತಾಮ್ರದ ತುಣುಕುಗಳ ಮೂಲಕ ಹಾದು, ಮತ್ತೆ ಕೆಳಗಿಳಿದು ಬಲ್ಬ್ ಸೇರುತ್ತದೆ.

ಅರ್ತ್‌ನ ದೋಷವನ್ನು ಮೊದಲು ಸರಿಪಡಿಸಿದೆ, ಏಕೆಂದರೆ ಅದಕ್ಕೆ ಹೊಸ ಸಾಮಾನು ಯಾವುದೂ ಬೇಕಿರಲಿಲ್ಲ. ಹೆಡ್‌ಲೈಟ್‌ನ ಬಟ್ಟಲನ್ನು ಬಿಚ್ಚಿದಾಗ ಅದರ ಹಿಂದೆ ಫ್ರೇಮ್‌ಗೆ ಬೋಲ್ಟ್ ಮಾಡಿದ್ದ ಉಂಗುರದಂಥ ಲಗ್ ಕಾಣಿಸಿತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಆದರೆ ಬಿಚ್ಚಿ ತಿರುಗಿಸಿ ನೋಡಿದರೆ ಲಗ್‌ನ ಅಡಿಯಲ್ಲಿ ಹಸಿರು ಬಣ್ಣದ ಪುಡಿಯೂ ಅದರ ಕೆಳಗೆ ಫ್ರೇಮ್‌ನ ಕಪ್ಪು ಪೇಂಟ್‌ನ ಪದರವೂ ಇದ್ದವು. ಬೋಲ್ಟ್‌ನ ಎಳೆಗಳ ಮೂಲಕ ಅಷ್ಟಿಷ್ಟು ಕರೆಂಟ್ ದಾಟುತ್ತಿತ್ತು ಅಷ್ಟೆ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಲಗ್ ಕೂರುವ ಜಾಗವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಲಗ್ಗನ್ನೂ ಹಾಗೆಯೇ ಉಜ್ಜಿ, ಹಲ್ಲುಗಳಿರುವ ವಾಷರ್ ಹಾಕಿ ಬಿಗಿದು, ಮೇಲೆ ತೇವ ತಾಗದಂತೆ ಪೆಟ್ರೋಲಿಯಂ ಜೆಲ್ಲಿಯನ್ನು ಬಳಿದೆ. ಬ್ಯಾಟರಿಯ ಹತ್ತಿರದ ಅರ್ತ್ ಬೋಲ್ಟ್‌ಗೂ ಇದೇ ಉಪಚಾರ ಮಾಡಿದೆ. ಮತ್ತೆ ಅಳೆದಾಗ 0.6 ಇದ್ದದ್ದು 0.1ಕ್ಕೆ ಇಳಿದಿತ್ತು. ಬೈಕ್‌ನ ವಿದ್ಯುತ್ ಸುಧಾರಣೆಗೆ ಕೈಹಾಕುವವರು ಬೇರೇನನ್ನೂ ಮಾಡದಿದ್ದರೂ ಈ ಒಂದು ಕೆಲಸವನ್ನು ಖಂಡಿತ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಪಾಸಿಟಿವ್ ಕಡೆಯ ನಷ್ಟಕ್ಕೆ ಪರಿಹಾರ ರಿಲೇ. ರಿಲೇ ಎಂದರೆ ಸಣ್ಣ ಕರೆಂಟ್‌ನಿಂದ ಮುಚ್ಚಿಕೊಳ್ಳುವ ದೊಡ್ಡ ಸ್ವಿಚ್. ಅದರ ಒಳಗಿರುವ ಸುರುಳಿಗೆ ಬೇಕಾಗುವುದು ಸುಮಾರು 150 ಮಿಲಿಆಂಪಿಯರ್ ಮಾತ್ರ. ಕೀ ಸ್ವಿಚ್ ಮತ್ತು ಡಿಪ್ಪರ್ ಸ್ವಿಚ್‌ಗಳು ಇನ್ನು ಮುಂದೆ 5 ಆಂಪಿಯರ್ ಹೊರುವ ಬದಲು ಈ ಅಲ್ಪ ಕರೆಂಟನ್ನು ಹೊತ್ತರೆ ಸಾಕು. ಬಲ್ಬ್‌ಗೆ ಬೇಕಾದ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರ್‌ನಲ್ಲಿ ನೇರವಾಗಿ ಬರುತ್ತದೆ. ಸ್ವಿಚ್‌ಗಳ ಆಯಸ್ಸು ಹೆಚ್ಚುವುದು ಇದರಿಂದ ದೊರಕುವ ಇನ್ನೊಂದು ಲಾಭ. ಕೆಲಸಕ್ಕೆ ಇಳಿಯುವ ಮೊದಲು ನನ್ನ ಬೈಕ್‌ನ ಹೆಡ್‌ಲೈಟ್ ಬ್ಯಾಟರಿಯ ಡಿಸಿ ಕರೆಂಟ್‌ನಲ್ಲೇ ಉರಿಯುತ್ತದೆ ಎಂಬುದನ್ನು ಖಚಿತಪಡಿಸಿಕೊಂಡೆ. ಕೆಲವು ಸಣ್ಣ ಮತ್ತು ಹಳೆಯ ಬೈಕ್‌ಗಳಲ್ಲಿ ಹೆಡ್‌ಲೈಟ್‌ಗೆ ಎಂಜಿನ್‌ನ ಕಾಯಿಲ್‌ನಿಂದ ನೇರವಾಗಿ ಎಸಿ ಕರೆಂಟ್ ಬರುತ್ತದೆ. ಅಂಥವುಗಳಲ್ಲಿ ಎಂಜಿನ್ ನಿಂತಿರುವಾಗ ಹೆಡ್‌ಲೈಟ್ ಉರಿಯುವುದಿಲ್ಲ, ಐಡ್ಲಿಂಗ್‌ನಲ್ಲಿ ಮಿಣುಗುಟ್ಟುತ್ತದೆ. ಅಲ್ಲಿ ನಾನು ಹೇಳುತ್ತಿರುವ ಜೋಡಣೆಯನ್ನು ಹಾಗೆಯೇ ಮಾಡಲು ಬರುವುದಿಲ್ಲ. ಹೆಡ್‌ಲೈಟ್‌ನ ಹೊರೆಯನ್ನು ಬ್ಯಾಟರಿಗೆ ವರ್ಗಾಯಿಸಿದರೆ ಚಾರ್ಜಿಂಗ್ ವ್ಯವಸ್ಥೆ ಅದನ್ನು ತೂಗಿಸಬಲ್ಲದೇ ಎಂಬುದು ಅಲ್ಲಿ ಬೇರೆಯೇ ಪ್ರಶ್ನೆಯಾಗುತ್ತದೆ.

ಲೋ ಬೀಮ್‌ಗೆ ಒಂದು, ಹೈ ಬೀಮ್‌ಗೆ ಒಂದು ಎಂದು ನಾಲ್ಕು ಪಿನ್‌ಗಳ ಎರಡು ರಿಲೇಗಳನ್ನು ತಂದೆ. ರಿಲೇಯ ಪಿನ್‌ಗಳ ಪಕ್ಕದಲ್ಲಿ 30, 85, 86, 87 ಎಂದು ಅಚ್ಚಾಗಿರುತ್ತದೆ. ಇವು ಡಿಐಎನ್ 72552 ಎಂಬ ಜರ್ಮನ್ ಮಾನದಂಡದ ಸಂಖ್ಯೆಗಳು; ಯಾವ ಕಂಪನಿಯ ರಿಲೇ ಆದರೂ ಅರ್ಥ ಒಂದೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ವೈರ್, 87ಕ್ಕೆ ಬಲ್ಬ್‌ಗೆ ಹೋಗುವ ವೈರ್, 86ಕ್ಕೆ ಹಳೆಯ ಹೆಡ್‌ಲೈಟ್ ಕನೆಕ್ಟರ್‌ನಿಂದ ಬರುವ ವೈರ್, 85ಕ್ಕೆ ಅರ್ತ್. ವೈರ್ 1.5 ಚದರ ಮಿಲಿಮೀಟರ್‌ನ, ಬಹಳ ಎಳೆಗಳಿರುವ ತಾಮ್ರದ್ದು. ಒಂದು ಚದರ ಮಿಲಿಮೀಟರ್‌ನ ತಾಮ್ರದ ವೈರ್‌ಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.017 ಓಮ್ ಪ್ರತಿರೋಧವಿರುತ್ತದೆ; ಈ ಲೆಕ್ಕದಲ್ಲಿ ನಾನು ಎಳೆದ 1.2 ಮೀಟರ್ ವೈರ್‌ನಲ್ಲಿ 5 ಆಂಪಿಯರ್ ಹರಿದಾಗ ಕಳೆಯುವುದು 0.07 ವೋಲ್ಟ್. ಫ್ಯೂಸನ್ನು 15 ಆಂಪಿಯರ್‌ನದು, ಅಂದರೆ ಬ್ಲೇಡ್ ಫ್ಯೂಸ್‌ಗಳಲ್ಲಿ ನೀಲಿ ಬಣ್ಣದ್ದು ಆರಿಸಿದೆ. ಒಂದು ಬೀಮ್‌ಗೆ 10 ಆಂಪಿಯರ್ ಸಾಕಾಗಿತ್ತಾದರೂ ಹೈ ಬೀಮನ್ನು ಕ್ಷಣಕಾಲ ಹೊಳೆಯಿಸುವ ಪಾಸ್ ಸ್ವಿಚ್ ಒತ್ತಿದಾಗ ಎರಡೂ ಫಿಲಮೆಂಟ್‌ಗಳು ಒಟ್ಟಿಗೆ ಉರಿದು 115 ವ್ಯಾಟ್, ಎಂದರೆ 10 ಆಂಪಿಯರ್‌ನ ಅಂಚಿಗೆ ಬರುತ್ತದೆ.

ಫ್ಯೂಸ್ ಎಲ್ಲಿರಬೇಕು ಎಂಬ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ. ಅದು ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಕಾಪಾಡುವುದು ತನ್ನ ಮುಂದಿನ ವೈರನ್ನೇ ಹೊರತು ಹಿಂದಿನದನ್ನಲ್ಲ. ಬ್ಯಾಟರಿ ಮತ್ತು ಫ್ಯೂಸ್‌ಗಳ ನಡುವಿನ ವೈರ್ ಎಲ್ಲಾದರೂ ಫ್ರೇಮ್‌ಗೆ ತಾಗಿದರೆ ಅದನ್ನು ತಡೆಯುವುದಕ್ಕೆ ಏನೂ ಇರುವುದಿಲ್ಲ, ಮೇಲೆ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಬ್ಯಾಟರಿ ಕಳಚುವಾಗ ನೆಗೆಟಿವನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಹಾಕುವುದಕ್ಕೂ ಇದೇ ಕಾರಣ: ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಫ್ರೇಮ್‌ಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ಈ ಕೆಲಸದಲ್ಲಿ ಕಾರ್ಖಾನೆಯಿಂದ ಬಂದ ವೈರಿಂಗ್‌ನ ಒಂದೇ ಒಂದು ವೈರನ್ನೂ ಕತ್ತರಿಸಬಾರದೆಂದು ನಿಶ್ಚಯಿಸಿದ್ದೆ. ಹಳೆಯ ಕನೆಕ್ಟರ್ ಬಲ್ಬ್‌ನ ಮೂರು ಪಿನ್‌ಗಳಿಗೆ ಕೂರುವಂಥದ್ದು. ಅದೇ ಅಳತೆಯ ಮೂರು ಪಿನ್‌ಗಳಿರುವ ಗಂಡು ಕನೆಕ್ಟರನ್ನು ಅದಕ್ಕೆ ಸಿಕ್ಕಿಸಿ ಅಲ್ಲಿಂದ ರಿಲೇಗಳ ಸುರುಳಿಗೆ ವೈರ್ ಎಳೆದೆ. ರಿಲೇಗಳಿಂದ ಬರುವ ಹೊಸ ವೈರ್‌ಗಳಿಗೆ ಸೆರಾಮಿಕ್‌ನ ಹೊಸ ಹೆಣ್ಣು ಕನೆಕ್ಟರ್ ಹಾಕಿ ಅದನ್ನು ಬಲ್ಬ್‌ಗೆ ಸಿಕ್ಕಿಸಿದೆ. ಬೇಡವೆನಿಸಿದರೆ ಹೊಸದನ್ನು ಕಳಚಿ ಹಳೆಯದನ್ನು ಬಲ್ಬ್‌ಗೆ ಹಾಕಿದರಾಯಿತು. ಬಲ್ಬನ್ನು ಲೋಹದ ಬುಡದಲ್ಲೇ ಹಿಡಿದು ಕೂರಿಸಿದೆ. ಹ್ಯಾಲೊಜನ್ ಬಲ್ಬ್‌ನ ಗಾಜಿಗೆ ಬೆರಳಿನ ಜಿಡ್ಡು ಅಂಟಿದರೆ ಆ ಜಾಗ ವಿಪರೀತ ಕಾದು ಬಲ್ಬ್ ಬೇಗ ಹಾಳಾಗುತ್ತದೆ.

ಜೋಡಣೆಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಸಲ ನಾನು ರಿಲೇಯ ಟರ್ಮಿನಲ್‌ಗಳಿಗೆಲ್ಲ ವೈರ್ ಸೇರಿಸಿ ಬೆಸುಗೆ ಹಾಕಿದ್ದೆ, ಅದೇ ಹೆಚ್ಚು ಗಟ್ಟಿ ಎಂಬ ನಂಬಿಕೆಯಿಂದ. ಎರಡು ವಾರಗಳಾದ ಮೇಲೆ ಲೋ ಬೀಮ್ ಆಗಾಗ ಮಿಣುಕತೊಡಗಿತು. ಬಿಚ್ಚಿ ನೋಡಿದಾಗ ಬೆಸುಗೆಯ ತುಂಡು ಟರ್ಮಿನಲ್‌ಗೆ ಭದ್ರವಾಗಿಯೇ ಅಂಟಿಕೊಂಡಿತ್ತು, ಆದರೆ ಬೆಸುಗೆ ಮುಗಿಯುವ ಗೆರೆಯಲ್ಲಿ ಸರಿಯಾಗಿ, ಇನ್ಸುಲೇಷನ್‌ನ ಒಳಗೆ, ಎಳೆಗಳು ಒಂದೊಂದಾಗಿ ತುಂಡಾಗಿ ಎರಡೋ ಮೂರೋ ಎಳೆ ಮಾತ್ರ ಉಳಿದಿದ್ದವು. ಕರಗಿದ ಸೀಸ ಎಳೆಗಳ ನಡುವೆ ಒಳಕ್ಕೆ ಹೀರಿಕೊಂಡು ಹೋಗಿ ಅಷ್ಟು ಉದ್ದದ ವೈರನ್ನು ಕಡ್ಡಿಯಂತೆ ಮಾಡಿರುತ್ತದೆ. ಎಂಜಿನ್‌ನ ನಡುಕಕ್ಕೆ ಮೆತ್ತಗಿನ ವೈರ್ ಬಾಗುವಾಗ ಬಾಗುವಿಕೆಯೆಲ್ಲ ಆ ಕಡ್ಡಿಯ ಅಂಚಿನಲ್ಲೇ ಆಗುತ್ತದೆ. ಮನೆಯಲ್ಲಿ ಕದಲದೆ ಕೂರುವ ಉಪಕರಣಕ್ಕೆ ಬೆಸುಗೆ ಸರಿ, ಸದಾ ಅದುರುವ ಬೈಕ್‌ಗೆ ಅಲ್ಲ. ಆಮೇಲೆ ಎಲ್ಲವನ್ನೂ ಕತ್ತರಿಸಿ 6.3 ಮಿಲಿಮೀಟರ್‌ನ ಟರ್ಮಿನಲ್‌ಗಳನ್ನು ಕ್ರಿಂಪ್ ಮಾಡಿದೆ, ಅಂದರೆ ವೈರ್‌ನ ಸುತ್ತ ಇಕ್ಕುಳದಿಂದ ಅದುಮಿ ಕೂರಿಸಿದೆ. ಈ ಟರ್ಮಿನಲ್‌ನ ಹಿಂಭಾಗದಲ್ಲಿ ಎರಡು ಜೊತೆ ರೆಕ್ಕೆಗಳಿರುತ್ತವೆ: ಮುಂದಿನವು ಬರಿಯ ತಾಮ್ರವನ್ನೂ ಹಿಂದಿನವು ಇನ್ಸುಲೇಷನ್ ಸಮೇತ ವೈರನ್ನೂ ಅಪ್ಪಿ ಹಿಡಿಯಬೇಕು. ಹಿಂದಿನ ಹಿಡಿತವೇ ನಡುಕವನ್ನು ತಾಳುವುದು. ಪ್ರತಿಯೊಂದನ್ನೂ ಕ್ರಿಂಪ್ ಮಾಡಿದ ಕೂಡಲೇ ಕೈಯಿಂದ ಬಲವಾಗಿ ಎಳೆದು ನೋಡಿದೆ. ಮೊದಲ ಐದರಲ್ಲಿ ಎರಡು ಕಳಚಿ ಬಂದವು. ಅದಕ್ಕೆ ಕಾರಣ ನಾನು ಬಳಸಿದ್ದ ಸಾಧಾರಣ ಇಕ್ಕುಳ. ಅದಕ್ಕೆಂದೇ ಇರುವ ಕ್ರಿಂಪಿಂಗ್ ಇಕ್ಕುಳ ತಂದ ಮೇಲೆ ಒಂದೂ ಕಳಚಲಿಲ್ಲ. ಎಲ್ಲದರ ಮೇಲೂ ಬಿಸಿ ತಾಗಿದಾಗ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಇನ್ಸುಲೇಷನ್ ಟೇಪನ್ನು ನಾನು ಬಳಸಲಿಲ್ಲ. ಬಿಸಿಲಿಗೆ ಅದರ ಅಂಟು ಕರಗಿ, ಪದರ ಜಾರಿ, ಒಳಗಿನ ತಾಮ್ರ ಹೊರಗೆ ಬರುವುದನ್ನು ಹಳೆಯ ಬೈಕ್‌ಗಳಲ್ಲಿ ಬಹಳ ನೋಡಿದ್ದೇನೆ.

ರಿಲೇಗಳನ್ನು ಹೆಡ್‌ಲೈಟ್‌ನ ಹಿಂದೆ, ಪಿನ್‌ಗಳು ಕೆಳಮುಖವಾಗಿರುವಂತೆ ಕೂರಿಸಿದೆ. ಪಿನ್‌ಗಳು ಮೇಲ್ಮುಖವಾಗಿದ್ದರೆ ಮಳೆನೀರು ಬಟ್ಟಲಿನಲ್ಲಿ ನಿಂತಂತೆ ಅಲ್ಲಿ ನಿಲ್ಲುತ್ತದೆ. ಎಲ್ಲ ಮುಗಿಸಿ, ತಮ್ಮನನ್ನು ಮತ್ತೆ ಕರೆದು, ಅದೇ 4000 ಸುತ್ತಿನಲ್ಲಿ ಅಳೆದಾಗ ಬ್ಯಾಟರಿಯಲ್ಲಿ 14.1, ಬಲ್ಬ್‌ನಲ್ಲಿ 13.8 ಬಂತು. ಕಳೆಯುತ್ತಿದ್ದದ್ದು ಈಗ 0.3 ಮಾತ್ರ. ಲೆಕ್ಕದ ಪ್ರಕಾರ ಬೆಳಕು ಮೊದಲಿನದಕ್ಕಿಂತ ಸುಮಾರು ಒಂದೂವರೆ ಪಟ್ಟಾಗಬೇಕು. ಆ ರಾತ್ರಿ ಅದೇ ಕತ್ತಲ ರಸ್ತೆಯಲ್ಲಿ ಹೋಗಿ ಬಂದೆ. ಹಳದಿಗಟ್ಟಿದ್ದ ಬೆಳಕು ಬಿಳಿಗೆ ತಿರುಗಿತ್ತು, ಗುಂಡಿಯ ಅಂಚು ದೂರದಿಂದಲೇ ಕಾಣುತ್ತಿತ್ತು, ಅದೂ ಅದೇ 55 ವ್ಯಾಟ್‌ನ ಬಲ್ಬ್‌ನಲ್ಲಿ. ಆದರೆ ಬೆಳಕು ಹೆಚ್ಚಿದ ಮೇಲೆ ಅದರ ಎತ್ತರವನ್ನು ಸರಿಯಾಗಿ ಇಡುವುದು ಮೊದಲಿಗಿಂತ ಮುಖ್ಯ. ಹೆಡ್‌ಲೈಟ್ ಬಿಚ್ಚುವ ಮೊದಲೇ ಬೈಕನ್ನು ಗೋಡೆಯೆದುರು ನಿಲ್ಲಿಸಿ ಲೋ ಬೀಮ್‌ನ ಮೇಲಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಜೋಡಿಸಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಅದೇ ಗೆರೆಗೆ ತಂದೆ. ಹ್ಯಾಲೊಜನ್‌ಗಾಗಿ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ಬಲ್ಬ್ ಹಾಕುವುದನ್ನು ನಾನು ಬೇಡವೆಂದು ಬಿಟ್ಟದ್ದೂ ಎದುರಿನಿಂದ ಬರುವವರ ಕಣ್ಣಿನ ಕಾರಣದಿಂದಲೇ. ಆ ರಿಫ್ಲೆಕ್ಟರ್‌ನ ವಕ್ರತೆ ಫಿಲಮೆಂಟ್ ಇರುವ ನಿಖರ ಸ್ಥಾನಕ್ಕೆ ಲೆಕ್ಕಹಾಕಿದ್ದು. ಬೆಳಕಿನ ಮೂಲದ ಆಕಾರ ಬದಲಾದರೆ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಚದುರಿ ಎದುರಿನವರ ಮುಖಕ್ಕೆ ಹೊಡೆಯುತ್ತದೆ.

ಹಾರ್ನ್‌ನ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಹಾರ್ನ್‌ನ ಗುಂಡಿಯಲ್ಲೂ ನಷ್ಟವಿದ್ದುದರಿಂದ ಅಲ್ಲಿಗೂ ಒಂದು ರಿಲೇ ಹಾಕಿದೆ. ನನ್ನ ಬೈಕ್‌ನಲ್ಲಿ ಹಾರ್ನ್‌ಗೆ ಪಾಸಿಟಿವ್ ಸದಾ ಇದ್ದು, ಗುಂಡಿ ಅದನ್ನು ಅರ್ತ್‌ಗೆ ಸೇರಿಸುತ್ತದೆ. ಹಾಗಾಗಿ ಇಲ್ಲಿ 86ಕ್ಕೆ ಪಾಸಿಟಿವ್ ಕೊಟ್ಟು 85ನ್ನು ಗುಂಡಿಗೆ ಸೇರಿಸಬೇಕಾಯಿತು.

ಎಲ್‌ಇಡಿ ಇಂಡಿಕೇಟರ್‌ಗಳು ನನ್ನ ಯೋಜನೆಯಲ್ಲಿ ಇರಲಿಲ್ಲ. ಹಿಂದಿನ ಎರಡು ಇಂಡಿಕೇಟರ್‌ಗಳ ಗಾಜು ಒಡೆದಿದ್ದರಿಂದ, ಬದಲಿಸುವುದಾದರೆ ನಾಲ್ಕನ್ನೂ ಎಲ್‌ಇಡಿಗೇ ಬದಲಿಸೋಣವೆಂದು ಕೈಹಾಕಿದೆ. ಹಾಕಿದ ಕೂಡಲೇ ಅವು ವಿಪರೀತ ವೇಗದಲ್ಲಿ ಮಿನುಗತೊಡಗಿದವು. ಇಂಡಿಕೇಟರ್‌ಗಳನ್ನು ಮಿನುಗಿಸುವ ಹಳೆಯ ಫ್ಲ್ಯಾಷರ್ ತನ್ನ ಮೂಲಕ ಹರಿಯುವ ಕರೆಂಟ್ ಕಡಿಮೆಯಾದರೆ ಬಲ್ಬ್ ಸುಟ್ಟುಹೋಗಿದೆಯೆಂದು ತಿಳಿದು ಹೀಗೆ ಎಚ್ಚರಿಸುತ್ತದೆ. 10 ವ್ಯಾಟ್‌ನ ಬಲ್ಬ್ ಇದ್ದ ಕಡೆ ಒಂದೆರಡು ವ್ಯಾಟ್‌ನ ಎಲ್‌ಇಡಿ ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಇದಕ್ಕೆ ಇಂಡಿಕೇಟರ್‌ಗಳ ಪಕ್ಕ 10 ಓಮ್‌ನ ರೆಸಿಸ್ಟರ್ ಹಾಕಿ ಹಳೆಯ ಹೊರೆಯನ್ನೇ ಮರಳಿ ಹೇರುವ ಪದ್ಧತಿ ಇದೆ. ಹೊತ್ತಿಕೊಂಡಾಗಲೆಲ್ಲ ಅದು 14 ವ್ಯಾಟ್‌ಗೂ ಹೆಚ್ಚು ಶಕ್ತಿಯನ್ನು ಬರಿಯ ಬಿಸಿಯಾಗಿ ಚೆಲ್ಲುತ್ತದೆ, ಸುತ್ತಲೂ ಪ್ಲಾಸ್ಟಿಕ್ ಇರುತ್ತದೆ. ಆ ದಾರಿ ನನಗೆ ಸರಿಯೆನಿಸಲಿಲ್ಲ. ಹೊರೆಯನ್ನು ಅವಲಂಬಿಸದ ಎಲೆಕ್ಟ್ರಾನಿಕ್ ಫ್ಲ್ಯಾಷರ್ ತಂದು, ಅದರ ಮೂರನೆಯ ಪಿನ್‌ಗೆ ಅರ್ತ್ ಕೊಟ್ಟು ಕೂರಿಸಿದೆ.

ವೇಗ ಸರಿಹೋಯಿತು, ಆದರೆ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗಿದವು. ಒಂದು ಇಡೀ ಸಂಜೆ ನಾನು ಸ್ವಿಚ್‌ನಲ್ಲಿ ಶಾರ್ಟ್ ಆಗಿದೆಯೆಂದು ಹುಡುಕಿದೆ. ಕಾರಣ ಇದ್ದದ್ದು ಮೀಟರ್ ಬೋರ್ಡ್‌ನ ಪುಟ್ಟ ಸೂಚಕ ಬಲ್ಬ್‌ನಲ್ಲಿ. ನನ್ನ ಬೈಕ್‌ನಲ್ಲಿ ಎಡಬಲಗಳೆರಡಕ್ಕೂ ಸೇರಿ ಒಂದೇ ಸೂಚಕವಿದೆ. ಅದರ ಒಂದು ತುದಿ ಎಡಗಡೆಯ ವೈರ್‌ಗೂ ಇನ್ನೊಂದು ತುದಿ ಬಲಗಡೆಯ ವೈರ್‌ಗೂ ಸೇರಿದೆ. ಎಡಕ್ಕೆ ಹಾಕಿದಾಗ ಕರೆಂಟ್ ಸೂಚಕದ ಮೂಲಕ ಹಾದು, ಬಲಗಡೆಯ ಬಲ್ಬ್‌ಗಳ ಫಿಲಮೆಂಟ್‌ಗಳ ಮೂಲಕ ಅರ್ತ್ ಸೇರುತ್ತದೆ. ಆ ಅಲ್ಪ ಕರೆಂಟ್‌ಗೆ ಹಳೆಯ ಫಿಲಮೆಂಟ್ ಕೆಂಪಗೂ ಆಗುತ್ತಿರಲಿಲ್ಲ. ಎಲ್‌ಇಡಿಗೆ ಹೊತ್ತಿಕೊಳ್ಳಲು ಅಷ್ಟೇ ಸಾಕು. ಸೂಚಕದ ಎರಡೂ ವೈರ್‌ಗಳನ್ನು ಅವುಗಳ ಕನೆಕ್ಟರ್‌ನಲ್ಲೇ ಕಳಚಿ, ಎಡದ ವೈರ್‌ಗೆ ಒಂದು, ಬಲದ ವೈರ್‌ಗೆ ಒಂದು ಎಂದು ಎರಡು 1ಎನ್4007 ಡಯೋಡ್‌ಗಳನ್ನು ಸೇರಿಸಿ, ಅವುಗಳ ಬಿಳಿ ಪಟ್ಟಿಯಿರುವ ತುದಿಗಳನ್ನು ಒಟ್ಟುಗೂಡಿಸಿ ಸೂಚಕದ ಒಂದು ತುದಿಗೆ ಕೊಟ್ಟೆ. ಸೂಚಕದ ಇನ್ನೊಂದು ತುದಿಯನ್ನು ಅರ್ತ್‌ಗೆ ಸೇರಿಸಿದೆ. ಡಯೋಡ್ ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡುವುದರಿಂದ ಎಡಗಡೆಯದು ಬಲಕ್ಕೆ ದಾಟುವ ಹಾದಿ ಮುಚ್ಚಿತು.

ಇಂಡಿಕೇಟರ್‌ಗಳ ಜೊತೆಯಲ್ಲೇ 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬನ್ನೂ ಎಲ್‌ಇಡಿಗೆ ಬದಲಿಸಿದ್ದೆ. ಹೀಗೆ ಉಳಿದ ವ್ಯಾಟ್‌ಗಳ ಧೈರ್ಯದಲ್ಲಿ ಫೋನ್‌ಗೆ ಯುಎಸ್‌ಬಿ ಚಾರ್ಜರ್ ಹಾಕುವ ಯೋಚನೆ ಬಂತು. 5 ವೋಲ್ಟ್, 2 ಆಂಪಿಯರ್‌ನ ಚಾರ್ಜರ್ ಎಂದರೆ 10 ವ್ಯಾಟ್. ಬ್ಯಾಟರಿಯಿಂದ ಅದು ಎಳೆಯುವುದು ಸುಮಾರು ಒಂದು ಆಂಪಿಯರ್. ಇದನ್ನು ಅವಸರದಲ್ಲಿ ಬ್ಯಾಟರಿಗೇ ನೇರವಾಗಿ, ಫ್ಯೂಸ್ ಒಂದನ್ನು ಹಾಕಿ, ಸೇರಿಸಿದೆ. ಆಮೇಲೆ ಹನ್ನೆರಡು ದಿನ ಬೈಕ್ ಹೊರಗೆ ತೆಗೆಯುವ ಸಂದರ್ಭ ಬರಲಿಲ್ಲ. ಹದಿಮೂರನೆಯ ದಿನ ಸೆಲ್ಫ್ ಒತ್ತಿದರೆ ಟಕ್ ಎಂಬ ಸದ್ದು ಮಾತ್ರ ಬಂತು, ಬ್ಯಾಟರಿಯಲ್ಲಿ 11.8 ವೋಲ್ಟ್ ಇತ್ತು. ಫೋನ್ ಸಿಕ್ಕಿಸದೆ ಇದ್ದರೂ ಚಾರ್ಜರ್‌ನ ಒಳಗಿನ ಸರ್ಕ್ಯೂಟ್ ಮತ್ತು ಅದರ ನೀಲಿ ದೀಪ ನಿರಂತರವಾಗಿ ಕರೆಂಟ್ ಕುಡಿಯುತ್ತಿದ್ದವು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅದರ ನಡುವೆ ಮೀಟರ್ ಸೇರಿಸಿ ಅಳೆದಾಗ 22 ಮಿಲಿಆಂಪಿಯರ್ ಬಂತು. ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ (ಒಂದು ಆಂಪಿಯರ್ ಅವರ್ ಎಂದರೆ ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು). ನನ್ನ ಬ್ಯಾಟರಿಯ ಸಾಮರ್ಥ್ಯ 9 ಆಂಪಿಯರ್ ಅವರ್. ಹನ್ನೆರಡು ದಿನಗಳಲ್ಲಿ ಅದರ ಮೂರನೆಯ ಎರಡು ಭಾಗ ಹರಿದುಹೋಗಿತ್ತು. ಈ ಅಳತೆ ಮಾಡುವವರಿಗೆ ಒಂದು ಮಾತು: ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್‌ನ ತೂತಿಗೆ ಬದಲಿಸಿ ಅಳೆಯಬೇಕು, ಅಳೆಯುವಾಗ ಸೆಲ್ಫ್ ಒತ್ತಬಾರದು, ಮುಗಿದ ಕೂಡಲೇ ವೈರನ್ನು ವೋಲ್ಟೇಜ್‌ನ ತೂತಿಗೆ ಮರಳಿ ಹಾಕಬೇಕು. ಮರೆತು ಅದೇ ಸ್ಥಿತಿಯಲ್ಲಿ ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದರೆ ಮೀಟರೇ ಶಾರ್ಟ್ ಆಗುತ್ತದೆ.

ಚಾರ್ಜರನ್ನು ಬ್ಯಾಟರಿಯಿಂದ ಕಳಚಿ, ಸೀಟಿನಡಿ ಇನ್ನೊಂದು ರಿಲೇ ಕೂರಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಹಿಂದಿನ ಲೈಟ್‌ನ ವೈರ್‌ನಿಂದ ಆ ರಿಲೇಯ ಸುರುಳಿಗೆ ಸಂಪರ್ಕ ಕೊಟ್ಟೆ. ಇನ್ನು ಮುಂದೆ ಸೇರಿಸುವುದೆಲ್ಲ ಈ ರಿಲೇಯ ಹಿಂದೆಯೇ ಬರಬೇಕೆಂದು ಅದಕ್ಕೆ ಮೂರು ಫ್ಯೂಸ್‌ಗಳ ಪುಟ್ಟ ಪೆಟ್ಟಿಗೆಯನ್ನೂ ಜೋಡಿಸಿದೆ. ಕೀ ತೆಗೆದ ಮೇಲೆ ಅಳೆದಾಗ ಸೋರಿಕೆ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆಯಿತ್ತು.

ಇಷ್ಟೆಲ್ಲ ಆದ ಮೇಲೆ, ಸುಮಾರು ಒಂದು ತಿಂಗಳಿಗೆ, ರಾತ್ರಿ ತಿರುವೊಂದರಲ್ಲಿ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿದ ಕ್ಷಣದಲ್ಲಿ ಹೆಡ್‌ಲೈಟ್ ಆರಿಹೋಯಿತು. ವೇಗ ಕಡಿಮೆ ಇದ್ದುದರಿಂದ ಬೈಕನ್ನು ರಸ್ತೆಯ ಅಂಚಿಗೆ ತರಲು ಸಾಧ್ಯವಾಯಿತು. ಫೋನ್‌ನ ಬೆಳಕಿನಲ್ಲಿ ಸೀಟು ಬಿಚ್ಚಿ ನೋಡಿದರೆ ನೀಲಿ ಫ್ಯೂಸ್‌ನ ಒಳಗಿನ ತಂತಿ ಕರಗಿತ್ತು. ಕಾರಣ ತಿಳಿಯದೆ ಹೊಸ ಫ್ಯೂಸ್ ಹಾಕುವುದು ತಪ್ಪು. ಹೆಡ್‌ಲೈಟ್‌ನ ಬಟ್ಟಲು ಬಿಚ್ಚಿ, ಹೊಸ ಕನೆಕ್ಟರ್ ಕಳಚಿ, ಗಂಡು ಕನೆಕ್ಟರ್‌ನಿಂದ ಹಳೆಯದನ್ನು ಬಿಡಿಸಿ ಬಲ್ಬ್‌ಗೆ ಸಿಕ್ಕಿಸಿದೆ. ಐದು ನಿಮಿಷದೊಳಗೆ ಹಳೆಯ ಮಂಕು ಬೆಳಕು ಮರಳಿತು, ಅದರಲ್ಲೇ ಮನೆ ಸೇರಿದೆ. ಮೂಲ ವೈರಿಂಗ್ ಕತ್ತರಿಸದೆ ಇಟ್ಟದ್ದರ ಬೆಲೆ ಆ ರಾತ್ರಿ ನನಗೆ ತಿಳಿಯಿತು.

ಬೆಳಗ್ಗೆ ಟ್ಯಾಂಕ್ ಎತ್ತಿ ನೋಡಿದಾಗ ಬ್ಯಾಟರಿಯಿಂದ ಬರುವ ವೈರ್ ಹ್ಯಾಂಡಲ್‌ನ ಕಂಬದ ಪಕ್ಕದಲ್ಲಿ, ಹ್ಯಾಂಡಲ್ ತಿರುಗುವಾಗ ತಡೆಯುವ ಕಬ್ಬಿಣದ ಉಬ್ಬಿಗೆ ಸಿಕ್ಕಿಕೊಳ್ಳುತ್ತಿದ್ದದ್ದು ಕಂಡಿತು. ಕೆಂಪು ಇನ್ಸುಲೇಷನ್ ಅಕ್ಕಿಕಾಳಿನಷ್ಟು ಜಾಗದಲ್ಲಿ ಸವೆದು, ಒಳಗಿನ ತಾಮ್ರ ಉಜ್ಜಿದ ಪಾತ್ರೆಯಂತೆ ಹೊಳೆಯುತ್ತಿತ್ತು; ಎದುರಿನ ಕಬ್ಬಿಣದ ಮೇಲೆ ಸಣ್ಣ ಕಪ್ಪು ಚುಕ್ಕೆಯೊಂದಿತ್ತು. ವೈರ್ ಎಳೆಯುವ ದಿನ ಹ್ಯಾಂಡಲನ್ನು ನೇರವಾಗಿಟ್ಟುಕೊಂಡು ಉದ್ದ ಅಳೆದಿದ್ದೆ. ಎರಡೂ ಕಡೆಗೆ ಪೂರ್ತಿ ಹೊರಳಿಸಿ ನೋಡಿರಲಿಲ್ಲ. ಆ ಭಾಗದ ವೈರನ್ನು ಹೊಸದಾಗಿ ಎಳೆದು, ಅದರ ಮೇಲೆ ದಪ್ಪ ಸ್ಲೀವ್ ತೊಡಿಸಿ, ಕಾರ್ಖಾನೆಯ ವೈರ್‌ಗಳ ಕಟ್ಟು ಹೋಗಿರುವ ದಾರಿಯಲ್ಲೇ ಸಾಗಿಸಿ, ತಿರುಗುವ ಜಾಗದಲ್ಲಿ ಸಡಿಲವಾದ ಬಳುಕು ಬಿಟ್ಟು, ಅದರ ಎರಡೂ ಬದಿಯಲ್ಲಿ ಕೇಬಲ್ ಟೈ ಬಿಗಿದೆ. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತು ಸಲ ಹೊರಳಿಸಿ ನೋಡಿದ ಮೇಲೆಯೇ ಟ್ಯಾಂಕನ್ನು ಅದರ ಜಾಗದಲ್ಲಿ ಕೂರಿಸಿದ್ದು.

ಯಾವ ವೈರ್ ಯಾವ ಬಣ್ಣದ್ದು, ಯಾವ ಫ್ಯೂಸ್ ಎಷ್ಟು ಆಂಪಿಯರ್‌ನದು, ಯಾವ ರಿಲೇ ಎಲ್ಲಿದೆ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರ್‌ನಲ್ಲಿ ಮಡಚಿ, ಎರಡು ಬಿಡಿ ಫ್ಯೂಸ್‌ಗಳ ಜೊತೆ ಸೀಟಿನಡಿ ಇಟ್ಟಿದ್ದೇನೆ. ಆ ಹಾಳೆಯ ಹಿಂಬದಿಯಲ್ಲಿ ಅಳತೆಗಳ ಪಟ್ಟಿ ಇದೆ: ಮೊದಲ ದಿನದ 1.8, ಅರ್ತ್ ಉಜ್ಜಿದ ಮೇಲಿನ 1.3, ರಿಲೇ ಹಾಕಿದ ಮೇಲಿನ 0.3. ಮಳೆಗಾಲ ಮುಗಿದ ಮೇಲೆ ಅಳೆದಾಗ ಅದು 0.5ಕ್ಕೆ ಏರಿತ್ತು. ಹೆಡ್‌ಲೈಟ್‌ನ ಹಿಂದಿನ ಅದೇ ಲಗ್ಗನ್ನು ಬಿಚ್ಚಿ, ಮತ್ತೆ ಉಜ್ಜಿ, ಜೆಲ್ಲಿ ಬಳಿದು ಬಿಗಿದ ಮೇಲೆ ಪುನಃ 0.3ಕ್ಕೆ ಬಂತು, ಅದನ್ನೂ ಪಟ್ಟಿಗೆ ಸೇರಿಸಿದೆ.